ಐದು ಫ್ರಿಜ್ಜಿನ ಎಂ.ಎ.

"ಇದು ಯಾರ ಅಪ್ಪಂದು? ಮೊದಲ ಅದನ್ನ ಹೇಳ್ರಿ, ಇದು ಯಾರ ಅಪ್ಪಂದು?"

"ಪ್ರಭಾ, ದನಿ ಸಣ್ಣ ಮಾಡು. ಓಣ್ಯಾಗ ಕೇಳತೈತಿ."

"ಕೇಳ್ಲಿ! ಓಣಿ ಮಂದಿ ಸಾಮಾನೆಲ್ಲಾ ನನ್ನ ಮನ್ಯಾಗ ಐತಿ, ದನಿ ಅವರ ಮನಿಗೆ ಹೋದ್ರ ಏನಾತು? ನಾ ಬಜಾರಕ್ಕ ಹೋಗಿ ಒಂದು ಸೂಡು ಮೆಂತೆಪಲ್ಯೆ ತರೂದ್ರಾಗ ಇನ್ನೊಂದು ಫ್ರಿಜ್ಜು ಬಂದು ಕುಂತೈತಿ. ನಿನ್ನೆ ಮೂರಿದ್ವು, ಇವತ್ತ ನಾಲ್ಕು. ಇವೇನು ಮರಿ ಹಾಕಾಕತ್ತಾವೇನ್ರಿ?"

"ಹುಲಗೇಶ ತಂದಿಟ್ಟ. ಅವರ ಮನ್ಯಾಗ ಇಲಿ ಆಗ್ಯಾವಂತ."

"ಇಲಿ ಆದ್ರ ಬೆಕ್ಕು ಸಾಕ್ತಾರು! ಫ್ರಿಜ್ಜು ಊರು ಬಿಡಸ್ತಾರೇನು? ಯಾಕಪಾ ಅಂತ ಒಂದು ಮಾತು ಕೇಳಬಾರದಾ?"

"ಕೇಳಿದ್ನೆಲ್ಲ."

"ಏನಂದ?"

"ಏನೂ ಅನ್ನಲಿಲ್ಲ. ಕಣ್ಣು ಹೊಡದ."

ಪ್ರಭಾವತಿ ಮೆಂತೆಪಲ್ಯೆಯ ಸೂಡನ್ನು ಹುಲಗೇಶನ ಫ್ರಿಜ್ಜಿನ ತಲೆಯ ಮೇಲೆ ಕುಕ್ಕಿದಳು. "ನೋಡ್ರಿ, ಸೋಮವಾರದೊಳಗ ಇವು ಹೋಗಬೇಕು. ಇಲ್ಲಾ, ನಾ ಹೋಗ್ತೇನಿ."

"ಸೋಮವಾರ ಬ್ಯಾಡ ಮಾರಾಯ್ತಿ," ಎಂದ ಮಹಾದೇವಪ್ಪ. "ಸೋಮವಾರ ನನ್ನ ಪ್ರಬಂಧ ಕೊಡೂದೈತಿ."

ಇಷ್ಟು ಕೇಳಿ ಮಹಾದೇವಪ್ಪನನ್ನು ದಡ್ಡನೆಂದು ತೀರ್ಮಾನಿಸಿಬಿಡುವ ಅವಸರ ಯಾರೂ ಮಾಡಬಾರದು. ಅವನು ದಡ್ಡನಲ್ಲ, ಎಂ.ಎ. ಓದುತ್ತಿದ್ದ. ಐವತ್ತೊಂದನೆಯ ವಯಸ್ಸಿನಲ್ಲಿ, ಸಾರ್ವಜನಿಕ ಆಡಳಿತದಲ್ಲಿ. ಇವೆರಡರ ನಡುವೆ ಎಷ್ಟು ವ್ಯತ್ಯಾಸವಿದೆ ಎಂಬುದು ಕಥೆ ಮುಗಿಯುವ ಹೊತ್ತಿಗೆ ತಿಳಿಯುತ್ತದೆ.

ಹೆಬ್ಬಳ್ಳಿಯ ಕನ್ನಡ ಸಾಲಿಯಲ್ಲಿ ಕಲಿತು, ಬಿದ್ದು ಎದ್ದು ಬಿ.ಎ. ಮುಗಿಸಿ, ಹುಬ್ಬಳ್ಳಿಯ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿ, ದೇಶಪಾಂಡೆ ನಗರದ ಬೆನ್ನಿಗಿರುವ ಓಣಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ಅವನು ಸುಖವಾಗಿಯೇ ಇದ್ದ. ಅವನ ಸುಖ ಕೆಡಿಸಿದ್ದು ಒಂದು ಲಗ್ನಪತ್ರಿಕೆ. ಪ್ರಭಾವತಿಯ ತಮ್ಮನ ಲಗ್ನದಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದು ಹೆಸರು ಅಚ್ಚು ಹಾಕಿಸಿದ್ದರು. ಅದರಲ್ಲಿ ಅವಳ ಅಕ್ಕನ ಗಂಡ, ಅಂದರೆ ಮಹಾದೇವಪ್ಪನ ಷಡ್ಡಕ, 'ಶ್ರೀ ಶಶಿಕುಮಾರ, ಎಂ.ಎ., ಬಿ.ಎಡ್., ಧಾರವಾಡ' ಎಂದು ಮೆರೆಯುತ್ತಿದ್ದ. ಅದರ ಕೆಳಗೆ 'ಶ್ರೀ ಮಹಾದೇವಪ್ಪ, ಹುಬ್ಬಳ್ಳಿ'. ಅಷ್ಟೇ. ಹೊಲ ಕಟಾವಾದ ಮೇಲೆ ಬೆದರುಗೊಂಬೆ ನಿಂತ ಹಾಗೆ ಕಾಣುತ್ತಿತ್ತು.

ಊಟದ ಪಂಕ್ತಿಯಲ್ಲಿ ಶಶಿಕುಮಾರ ಗೋಧಿಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ಪತ್ರಿಕ್ಯಾಗ ನಿಮ್ಮ ಹೆಸರು ಭಾಳ ಹಗರ ಬಂದೈತಿ ಬಿಡ್ರಿ, ಮಹಾದೇವಪ್ಪನವರ. ಗಾಳಿ ಬಿಟ್ರ ಹಾರಿ ಹೋಗೂಹಂಗ," ಎಂದ. ಪಂಕ್ತಿಯೆಲ್ಲ ನಕ್ಕಿತು. ಮಹಾದೇವಪ್ಪ ಹುಗ್ಗಿಯ ಎಲೆ ಬಿಟ್ಟು ಎದ್ದ. ಎದ್ದವನು ನೆಟ್ಟಗೆ ಧಾರವಾಡಕ್ಕೆ ಹೋಗಿ ಎಂ.ಎ.ಗೆ ಹೆಸರು ಹಚ್ಚಿದ. ಇತಿಹಾಸದಲ್ಲಿ ಇಸವಿ ಬಹಳ, ಅರ್ಥಶಾಸ್ತ್ರದಲ್ಲಿ ಲೆಕ್ಕ ಬಹಳ. ಆಡಳಿತವಾದರೆ ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ, ಹಗುರ ಇದ್ದೀತು ಎಂಬುದು ಅವನ ಅಂದಾಜು.

ಅಂದಾಜು ತಪ್ಪಿತು. ನಸುಕಿನಲ್ಲಿ ಎದ್ದು 'ಅಧಿಕಾರಶಾಹಿ', 'ಶ್ರೇಣೀಕರಣ', 'ನಿಯಂತ್ರಣದ ವ್ಯಾಪ್ತಿ' ಎಂದು ಅವನು ಬಾಯಿಪಾಠ ಮಾಡುವಾಗ ಅಡಿಗೆಮನೆಯಿಂದ ಪ್ರಭಾವತಿ ಕೇಳುತ್ತಿದ್ದಳು: "ಅದೇನ್ರಿ ನಿಯಂತ್ರಣದ ವ್ಯಾಪ್ತಿ ಅಂದ್ರ?"

"ಒಬ್ಬ ಅಧಿಕಾರಿ ಎಷ್ಟು ಮಂದೀನ ಹಿಡಿತದಾಗ ಇಡಬಹುದು ಅಂತ."

"ಎಷ್ಟಂತ?"

"ಆರು ಮಂದಿ ಅಂತಾರ. ನನಗಿನ್ನೂ ಒಬ್ಬಾಕಿನೂ ಆಗಿಲ್ಲ."

ಎರಡು ಸಲ ಬಿದ್ದು ಮೂರನೆಯ ಸಲ ಎಲ್ಲ ವಿಷಯ ಪಾಸಾದ. ಉಳಿದದ್ದು ಪ್ರಬಂಧವೊಂದು. ಅಷ್ಟರಲ್ಲಿ ಶಶಿಕುಮಾರನ ಮಗಳು ಮಯೂರಿಯ ಲಗ್ನ ಗೊತ್ತಾಯಿತು. ಪತ್ರಿಕೆ ಅಚ್ಚಿಗೆ ಹೋಗುವುದರೊಳಗೆ ತನ್ನ ಹೆಸರಿಗೆ ಎಂ.ಎ. ಹತ್ತಲೇಬೇಕು, ಅದೂ ಶಶಿಕುಮಾರನ ಸ್ವಂತ ಖರ್ಚಿನಲ್ಲಿ ಅಚ್ಚಾಗಬೇಕು ಎಂದು ಮಹಾದೇವಪ್ಪ ಹಟ ತೊಟ್ಟ. ಈ ಸಲ ಪ್ರಬಂಧ ತಪ್ಪಿದರೆ ಮತ್ತೊಂದು ವರ್ಷ. ಅಷ್ಟು ಹೊತ್ತಿಗೆ ಮಯೂರಿಯ ಕೈಯಲ್ಲಿ ಕೂಸಿರುತ್ತದೆ, ಲಗ್ನಪತ್ರಿಕೆ ಇರುವುದಿಲ್ಲ.

ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವವರು ಜಯಾ ಮೇಡಂ. ವಯಸ್ಸಿನಲ್ಲಿ ಮಗಳ ಹಾಗೆ, ಕಟ್ಟುನಿಟ್ಟಿನಲ್ಲಿ ಅತ್ತೆಯ ಹಾಗೆ. "ನೋಡ್ರಿ ಸರ್," ಎಂದರು ಅವರು. "ನಿಮ್ಮ ಓಣ್ಯಾಗನ ಜನರ ಜೀವನಮಟ್ಟದ ಸಮೀಕ್ಷೆ ಮಾಡ್ರಿ. ಆದ್ರ ಗೊತ್ತಿದ್ದದ್ದನ್ನ ನೀವೇ ತುಂಬಬ್ಯಾಡ್ರಿ. ಪ್ರತಿಯೊಂದೂ ಕೇಳ್ರಿ. ಅವರು ಏನು ಹೇಳ್ತಾರ, ಅಷ್ಟನ್ನ ಬರೀರಿ."

ಈ ನಾಲ್ಕು ಮಾತು ಓಣಿಯನ್ನೇ ಅಲ್ಲಾಡಿಸಿದವು.

ರವಿವಾರ ಮುಂಜಾನೆ ಮಹಾದೇವಪ್ಪ ಲಗ್ನದ ಕೋಟು ತೊಟ್ಟು, ಕೊರಳಿಗೆ ವಿದ್ಯಾರ್ಥಿಯ ಗುರುತಿನ ಚೀಟಿ ಹಾಕಿಕೊಂಡು, ಎದುರುಮನೆಯ ಮಕಬೂಲಸಾಬನ ಬಾಗಿಲಿಗೆ ನಿಂತ. ಮಕಬೂಲಸಾಬ ಗ್ಯಾರೇಜಿನ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದವರು.

"ಬಾ ಮಹಾದೇವಣ್ಣ. ಏನು, ಕೋಟು ಹಾಕ್ಕೊಂಡು?"

ಮಹಾದೇವಪ್ಪ ಕೆಮ್ಮಿ, ಪೆನ್ನು ತೆಗೆದ. "ಕುಟುಂಬದ ಯಜಮಾನರ ಹೆಸರು?"

"ಆಂ?"

"ಕುಟುಂಬದ ಯಜಮಾನರ ಹೆಸರು ಏನ್ರಿ?"

ಮಕಬೂಲಸಾಬನ ಮುಖ ಬಿಳಿಚಿತು. ಇಪ್ಪತ್ತು ವರ್ಷ ಕೂಡಿ ಚಹಾ ಕುಡಿದವನು ಹೆಸರು ಕೇಳುತ್ತಿದ್ದಾನೆ, ಅದೂ 'ರಿ' ಹಚ್ಚಿ. ಗುರುತಿದ್ದವರನ್ನು ಗುರುತಿಲ್ಲದವರ ಹಾಗೆ ಮಾತಾಡಿಸುವವರು ಜಗತ್ತಿನಲ್ಲಿ ಸರಕಾರದವರು ಮಾತ್ರ. "ಮ... ಮಕಬೂಲಸಾಬ ಅಂತರಿ," ಎಂದ, ಎದ್ದು ನಿಂತು.

"ಮನ್ಯಾಗ ಟಿವಿ ಐತೇನ್ರಿ?"

ಅಲ್ಲಿಗೆ ಮಕಬೂಲಸಾಬನಿಗೆ ಎಲ್ಲ ಹೊಳೆಯಿತು. ಬಿಪಿಎಲ್ ಕಾರ್ಡು ರದ್ದು ಮಾಡುತ್ತಾರೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿ ಬಹಳ ದಿನವಾಗಿತ್ತು. ಫ್ರಿಜ್ಜು ಇದ್ದವರ ಕಾರ್ಡು ಹೋಗುತ್ತದೆ ಎಂದು ಯಾವ ಕಾನೂನಿನಲ್ಲಿದೆಯೋ ಗೊತ್ತಿಲ್ಲ, ಓಣಿಯ ಕಾನೂನಿನಲ್ಲಿತ್ತು.

"ಟಿವಿ ಇಲ್ಲರಿ."

"ಫ್ರಿಜ್ಜು?"

"ಇಲ್ಲೇ ಇಲ್ಲರಿ."

ಅವನ ಬೆನ್ನ ಹಿಂದೆ ಫ್ರಿಜ್ಜು ಗುರ್ರೆಂದಿತು.

"ಮತ್ತ ಅದೇನ್ರಿ?"

"ಅದು ಕಪಾಟ್ರಿ."

"ಕಪಾಟು ಯಾಕ ಗುರ್ ಅನ್ನಾಕತ್ತೈತಿ?"

"ಹಳೇದೈತ್ರಿ."

ಮಹಾದೇವಪ್ಪನಿಗೆ ಸಿಟ್ಟು ಬಂತು. ನಿನ್ನೆಯಷ್ಟೇ ಆ ಕಪಾಟಿನೊಳಗಿನ ತಣ್ಣನೆಯ ನೀರು ಅವನೇ ಕುಡಿದಿದ್ದ. ಆದರೆ ಮೇಡಂ ಏನು ಹೇಳಿದ್ದರು? ಅವರು ಹೇಳಿದಷ್ಟನ್ನೇ ಬರೆಯಬೇಕು. 'ಇಲ್ಲ' ಎಂದು ಬರೆದ. ಮಕಬೂಲಸಾಬ ಅದನ್ನು ನೋಡಿದ. ಕಣ್ಣಾರೆ ಕಂಡೂ 'ಇಲ್ಲ' ಎಂದು ಬರೆದುಕೊಂಡನಲ್ಲ! ದೋಸ್ತ ಸಾಹೇಬನಾದರೂ ದೋಸ್ತನೇ, ಎಂದು ಅವನ ಕಣ್ಣು ಒದ್ದೆಯಾಯಿತು.

ಮಹಾದೇವಪ್ಪ ಎರಡನೆಯ ಮನೆಗೆ ಹೋಗುವುದರೊಳಗೆ ಸುದ್ದಿ ಓಣಿಯ ಕೊನೆ ಮುಟ್ಟಿತ್ತು. ಯಾರ ಮನೆಯಲ್ಲೂ ಏನೂ ಇರಲಿಲ್ಲ. ಬಳೆ ವ್ಯಾಪಾರದ ಜಾಕೀರನ ಮನೆಯಲ್ಲಿ ಮಿಕ್ಸರ್ ಮೇಲೆ ಹುಡುಗಿ ಕುಳಿತಿದ್ದಳು, ಮೇಲೆ ಲಂಗ ಹರಡಿಕೊಂಡು. ಆಟೋ ಹೊಡೆಯುವ ಹುಲಗೇಶ ತನ್ನ ಮನೆಯಲ್ಲಿ ಗಡಿಯಾರವೂ ಇಲ್ಲ, ಹೊಟ್ಟೆ ಹಸಿದಾಗ ಮಧ್ಯಾಹ್ನ ಆಯಿತೆಂದು ತಿಳಿಯುತ್ತೇವೆ ಎಂದ. ಹಾಲು ಮೊಸರು ಮಾರುವ ದುರಗವ್ವ, "ಯಪ್ಪಾ, ಈ ಮನಿನೂ ನಂದಲ್ಲೋ, ನೆಳ್ಳಿಗಂತ ಬಂದು ನಿಂತೇನಿ," ಎಂದಳು.

ಮಹಾದೇವಪ್ಪ ತಲೆ ಕೆರೆದುಕೊಳ್ಳುತ್ತ ಎಲ್ಲವನ್ನೂ ಬರೆದುಕೊಂಡ.

ಸಂಜೆ ಪಡಿತರ ಅಂಗಡಿಯ ರಾಜೀವ ತಾನಾಗಿಯೇ ಬಂದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. "ಸಾಹೇಬ್ರ, ನಮ್ಮ ತಕ್ಕಡಿ ಬರೋಬ್ಬರಿ ಐತ್ರಿ."

"ಇದ್ರ ಛಲೋ ಆತಲ್ಲ. ನನಗ್ಯಾಕ ಹೇಳ್ತಿ?"

"ಅಷ್ಟ ಸಾಕ್ರಿ," ಎಂದು ಕೈಮುಗಿದು ಹೋದ.

ಅವನ ಹಿಂದೆಯೇ ಮಕಬೂಲಸಾಬನ ಫ್ರಿಜ್ಜು ಕೈಗಾಡಿಯ ಮೇಲೆ ಓಣಿ ದಾಟಿ ಬಂತು. ಅವನ ವಿಚಾರ ಸರಳವಾಗಿತ್ತು. ಕಾಗದದಲ್ಲಿ 'ಇಲ್ಲ' ಎಂದು ಬರೆದ ಮೇಲೆ ಮನೆಯಲ್ಲೂ ಇರಬಾರದು. ಇಡುವುದೆಲ್ಲಿ? ಸಮೀಕ್ಷೆ ಮಾಡುವವನ ಮನೆಯನ್ನು ಯಾರು ಸಮೀಕ್ಷೆ ಮಾಡುತ್ತಾರೆ? ಮೇಲಾಗಿ ಪಗಾರದ ಮನುಷ್ಯ ಮಹಾದೇವಪ್ಪ, ಅವನದು ಮೊದಲಿನಿಂದಲೂ ಎಪಿಎಲ್ ಕಾರ್ಡು, ಹೋಗುವುದೇನೂ ಇಲ್ಲ.

"ನಾಲ್ಕ ದಿನ ಇರ್ಲಿ ಸಾಹೇಬ್ರ," ಎಂದ ಮಕಬೂಲಸಾಬ.

"ಸಾಹೇಬ್ರ ಅಂದ್ರ ಯಾರು? ಯಾಕ ಇರಬೇಕು?"

"ನಿಮಗ ಗೊತ್ತಿಲ್ಲದ್ದೇನೈತಿ?" ಎಂದು ಅವನು ಕಣ್ಣು ಹೊಡೆದ.

ಮಹಾದೇವಪ್ಪನಿಗೆ ಗೊತ್ತಿಲ್ಲದ್ದು ಬಹಳ ಇತ್ತು. ಆದರೆ ಹೆಸರಿನ ಮುಂದೆ ಎಂ.ಎ. ಬರುವ ಕಾಲದಲ್ಲಿ ಗೊತ್ತಿಲ್ಲ ಎನ್ನುವುದು ಹೇಗೆ? ಅವನೂ ಒಂದು ಕಣ್ಣು ಹೊಡೆದ. ಕಣ್ಣು ಹೊಡೆಯುವುದು ರಶೀದಿ ಕೊಟ್ಟ ಹಾಗೆ ಎಂಬುದು ಅವನಿಗೆ ಹೊಳೆಯಲಿಲ್ಲ. ಮರುದಿನ ಜಾಕೀರನದು ಬಂತು, ಮನೆಗೆ ಬಣ್ಣ ಹಚ್ಚಿಸುತ್ತೇವೆ ಎಂಬ ನೆಪದಲ್ಲಿ. ಅದರ ಮರುದಿನ ಹುಲಗೇಶನದು, ಇಲಿಯ ನೆಪದಲ್ಲಿ. ಆಗಲೇ ನೀವು ಮೊದಲು ಕೇಳಿದ ಜಗಳ ನಡೆದದ್ದು. ಜಗಳ ನಡೆಯುತ್ತಿದ್ದಾಗಲೇ ದುರಗವ್ವನದು ಬಾಗಿಲಿಗೆ ಬಂದು ನಿಂತಿತ್ತು. ಅವಳು ನೆಪವನ್ನೂ ಹೇಳಲಿಲ್ಲ, "ಬಾಗಲಾ ಬಿಟ್ಟು ಸರೀರಿ," ಎಂದಳು.

ಮೊದಲಿನಿಂದ ಆ ಮನೆಯಲ್ಲಿದ್ದದ್ದು ಒಂದೇ ಫ್ರಿಜ್ಜು, ಪ್ರಭಾವತಿಯ ಕೆಂಪು ಫ್ರಿಜ್ಜು. ಓಣಿಯ ಹೆಂಗಸರ ಕುಪ್ಪಸ ಹೊಲಿದು ಹೊಲಿದು ಕೂಡಿಸಿ ಅವಳು ತಂದದ್ದು. ತಂದ ದಿನ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಐದು ಮಂದಿ ಮುತ್ತೈದೆಯರನ್ನು ಕರೆದು ಉಡಿ ತುಂಬಿದ್ದಳು. ಹೊಲಿಗೆ ಮಷೀನು ಆ ಫ್ರಿಜ್ಜಿನ ಪಕ್ಕದಲ್ಲೇ ಇರುತ್ತಿತ್ತು. ಈಗ ಮಷೀನಿಗೆ ಜಾಗವಿಲ್ಲದೆ ಅದು ಬಚ್ಚಲಿಗೆ ಹೋಗಿತ್ತು. ಒಲೆಯ ಮುಂದೆ ಕೂತರೆ ಬೆನ್ನಿಗೆ ಜಾಕೀರನ ಫ್ರಿಜ್ಜು, ಮಲಗಿದರೆ ತಲೆದಿಂಬಿಗೆ ಹುಲಗೇಶನದು.

ಫ್ರಿಜ್ಜು ಬಂದವು, ಅವುಗಳ ಹಿಂದೆ ಮಂದಿಯೂ ಬಂದರು. ಫ್ರಿಜ್ಜಿನೊಳಗಿನ ಸಾಮಾನು ಬೇಕಲ್ಲ! ನಸುಕಿಗೆ ದುರಗವ್ವ ಹಾಲಿನ ಪಾಕೀಟಿಗೆ. ಅವಳ ಹಿಂದೆ ಅವಳ ಗಿರಾಕಿಗಳು. ಆಮೇಲೆ ದೋಸೆ ಹಿಟ್ಟಿಗೆ ಹುಲಗೇಶನ ಹೆಂಡತಿ. ಊಟಕ್ಕೆ ಮೊದಲು ಸಕ್ಕರೆ ಬ್ಯಾನಿಯ ಇಂಜೆಕ್ಷನ್ನಿಗೆ ಮಕಬೂಲಸಾಬ. ಹಿಂದಿನಿಂದ ಲಿಂಬೆಹಣ್ಣಿಗೆ ಅವನ ಹೆಂಡತಿ ಖಾತುನಬಿ. ಮಹಾದೇವಪ್ಪ ಬರೆಯಲು ಕೂತರೆ, "ಸಾಹೇಬ್ರ, ತುಸು ಕಾಲು ತಗೀರಿ, ಕೆಳಗಿನ ಬಾಕ್ಸಿನ್ಯಾಗ ಕೊತ್ತಂಬರಿ ಐತಿ," ಎನ್ನುವರು. 'ಉತ್ತಮ ಆಡಳಿತದ ಲಕ್ಷಣಗಳು' ಎಂಬ ಅಧ್ಯಾಯವನ್ನು ಅವನು ಕಾಲು ಎತ್ತಿಕೊಂಡೇ ಬರೆದ.

ಅಷ್ಟರಲ್ಲಿ ಸುದ್ದಿ ಧಾರವಾಡಕ್ಕೂ ಮುಟ್ಟಿ ಶಶಿಕುಮಾರನ ಫೋನು ಬಂತು. "ಏನ್ರಿ ಮಹಾದೇವಪ್ಪನವರ, ಸರಕಾರಿ ನೌಕರಿಗೆ ಹತ್ತೀರಂತ? ಈ ವಯಸ್ಸಿನ್ಯಾಗ ಯಾರು ತಗೊಂಡರ್ರಿ?"

"ನೌಕರಿಯಲ್ಲ! ಎಂ.ಎ.!"

"ಎಂ.ಎ. ಮಾಡಿದ್ರ ಮನಿಗೆ ಫ್ರಿಜ್ಜು ಬರ್ತಾವೇನ್ರಿ? ನಾನೂ ಮಾಡೇನಲ್ಲ, ನನಗೊಂದೂ ಬರಲಿಲ್ಲ."

ಮಹಾದೇವಪ್ಪ ಫೋನು ಕತ್ತರಿಸಿದ.

ಸೋಮವಾರ ಪ್ರಬಂಧ ಕೊಟ್ಟ. ಎರಡು ದಿನ ಬಿಟ್ಟು ಜಯಾ ಮೇಡಂ ಫೋನು ಮಾಡಿದರು. "ಸರ್, ನಿಮ್ಮ ಓಣ್ಯಾಗ ಯಾರ ಮನ್ಯಾಗೂ ಫ್ರಿಜ್ಜಿಲ್ಲ, ಟಿವಿ ಇಲ್ಲ, ಗಡಿಯಾರಿಲ್ಲ. ಒಬ್ಬಾಕಿಗಂತೂ ಮನೀನೂ ಇಲ್ಲ. ಇದು ಹುಬ್ಬಳ್ಳಿನೋ, ಅಡವಿನೋ? ನಾಳೆ ನಾನ ಬಂದು ನೋಡ್ತೇನಿ."

ಧಾರವಾಡದಿಂದ ಮೇಡಂ ಕಾರಿನಲ್ಲಿ ಬಂದಿಳಿದಾಗ ಓಣಿಗೆ ಅನುಮಾನವೇ ಉಳಿಯಲಿಲ್ಲ. ಸಣ್ಣ ಸಾಹೇಬನ ಮೇಲಿನ ದೊಡ್ಡ ಸಾಹೇಬರು! ಎಲ್ಲರೂ ಕೈಕಟ್ಟಿಕೊಂಡು ಅವರ ಹಿಂದೆಯೇ ಮಹಾದೇವಪ್ಪನ ಮನೆಯ ಬಾಗಿಲಿಗೆ ಬಂದರು. ಮಹಾದೇವಪ್ಪ ಫ್ರಿಜ್ಜುಗಳಿಗೆ ಚಾದರ ಹೊದಿಸಿದ್ದ. ಚಾದರದೊಳಗಿಂದ ಐದೂ ಭಜನೆ ಶುರುಮಾಡಿದವು. ಮೇಡಂ ಒಂದೊಂದೇ ಚಾದರ ಎತ್ತಿದರು.

"ಐದು ಫ್ರಿಜ್ಜು! ಯಾರವು ಸರ್ ಇವು?"

ಮಹಾದೇವಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮಕಬೂಲಸಾಬನ ಇಂಜೆಕ್ಷನ್ನಿನ ಹೊತ್ತಾಗಿತ್ತು. ರೂಢಿಯಂತೆ ಒಳಗೆ ಬಂದು ತನ್ನ ಫ್ರಿಜ್ಜಿಗೆ ಕೈ ಹಾಕಿದವನು ಮೇಡಂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಅಲ್ಲೇ ಕಲ್ಲಾದ.

"ಇದು ನಿಮ್ಮದೇನ್ರಿ?"

"ನಂದಲ್ಲರಿ ಮೇಡಂ."

"ಮತ್ತ ಕೈ ಯಾಕ ಹಾಕೀರಿ?"

"ಒಳಗ ತಂಪು ಐತೇನು ನೋಡಿದ್ನಿರಿ."

"ಒಳಗಿನ ಔಷಧದ ಮ್ಯಾಲೆ ಮಕಬೂಲಸಾಬ ಅಂತ ಬರದದ. ನಿಮ್ಮ ಹೆಸರೇನು?"

ಮಕಬೂಲಸಾಬ ಮಹಾದೇವಪ್ಪನ ಮುಖ ನೋಡಿದ. "ಹುಬ್ಬಳ್ಳ್ಯಾಗ ಮಕಬೂಲಸಾಬ ಭಾಳ ಮಂದಿ ಅದಾರ್ರಿ."

ಮೇಡಂ ಹುಲಗೇಶನ ಕಡೆ ತಿರುಗಿದರು. ಅವನು ಕೇಳುವುದಕ್ಕೆ ಮೊದಲೇ, "ನನಗ ತಣ್ಣನ್ನ ನೀರು ನೋಡಿದ್ರ ನೆಗಡಿ ಬರ್ತೈತ್ರಿ," ಎಂದ. ಜಾಕೀರ ಅಲ್ಲಾನ ಆಣೆ ಇಡಲು ಹೋಗಿ, ಹೆದರಿ, ಅರ್ಧಕ್ಕೆ ನಿಲ್ಲಿಸಿದ. ದುರಗವ್ವ ನೆರಳಿಗೆ ಹೋಗಿ ನಿಂತಳು.

"ಸರ್," ಎಂದರು ಜಯಾ ಮೇಡಂ, "ಇವು ಓಣಿ ಮಂದೀವು ಅಂದ್ರ ನಿಮ್ಮ ಪ್ರಬಂಧ ಪೂರಾ ಸುಳ್ಳು. ಮುಂದಿನ ವರ್ಷ ಹೊಸದಾಗಿ ಮಾಡ್ರಿ. ನಿಮ್ಮವು ಅಂದ್ರ, ಪ್ರಬಂಧ ಖರೇ ಅದ. ಇವತ್ತ ಸಹಿ ಮಾಡ್ತೇನಿ. ಹೇಳ್ರಿ, ಯಾರವು?"

ಮಹಾದೇವಪ್ಪನ ಕಣ್ಣ ಮುಂದೆ ಮಯೂರಿಯ ಲಗ್ನಪತ್ರಿಕೆ ಬಂದು ನಿಂತಿತು. ಬಂಗಾರದ ಅಕ್ಷರ. ಗಾಳಿಗೆ ಹಾರದ ಹೆಸರು.

"ನನ್ನವು ರೀ."

"ಎಷ್ಟು?"

"ಐದೂ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಪ್ರಭಾವತಿಯ ಕೈ ನಿಂತಿತು.

"ವಿಚಾರ ಮಾಡಿ ಹೇಳ್ರಿ. ಐದೂ ನಿಮ್ಮವ ಅಂತ ಬರಕೊಳ್ಳಲಾ?"

"ಬರಕೊಳ್ರಿ ಮೇಡಂ. ಐದಕ್ಕೈದೂ ನನ್ನವು!"

ಮೇಡಂ ಬರೆದುಕೊಂಡರು. ಬರೆಯುತ್ತ ಬರೆಯುತ್ತ ಅವರ ಮುಖ ಅರಳಿತು. "ಒಂದು ಮನ್ಯಾಗ ಐದು, ಉಳಿದ ಓಣಿಗೆಲ್ಲ ಒಂದೂ ಇಲ್ಲ! ಸರ್, ಎಂಥಾ ಅಸಮಾನತೆ! ಇದನ್ನ ಬ್ಯಾರೆ ಅಧ್ಯಾಯನ ಮಾಡ್ರಿ. ಮುಂದಿನ ವರ್ಷ ಬ್ಯಾರೆ ವಿದ್ಯಾರ್ಥಿಗಳನ್ನ ಕಳಸ್ತೇನಿ, ಪರಿಸ್ಥಿತಿ ಸುಧಾರಿಸೇದೇನು ನೋಡ್ಲಿಕ್ಕೆ." ಸಹಿ ಹಾಕಿ, ಕಾರು ಹತ್ತಿ ಹೋದರು.

ಕಾರು ತಿರುವು ದಾಟುವವರೆಗೆ ಓಣಿ ಉಸಿರು ಹಿಡಿದಿತ್ತು. ಆಮೇಲೆ ಹುಲಗೇಶನಿಗೆ ಉಸಿರಿನ ಜೊತೆ ಬುದ್ಧಿಯೂ ಬಂತು. "ಮಹಾದೇವಣ್ಣ, ನನ್ನ ಫ್ರಿಜ್ಜನ್ನ ಸರಕಾರದಾಗ ನಿನ್ನ ಹೆಸರಿಗೆ ಬರಸಿಬಿಟ್ಟೆಲ್ಲೋ!"

"ನೀನ ಅಲ್ಲೇನು ನಂದಲ್ಲ ಅಂದಾವ?"

"ನಾ ಅಲ್ಲ ಅಂದ್ರ, ನೀ ಹೌದು ಅನ್ನೂದೇನು?"

"ತಗೊಂಡು ಹೋಗ್ರಿ!" ಮಹಾದೇವಪ್ಪ ಚೀರಿದ. "ಈಗಿಂದೀಗ, ನಿಮ್ಮ ನಿಮ್ಮ ಹಾಳು ಪೆಟ್ಟಿಗಿ ಎತ್ತಿಕೊಂಡು ನಡೀರಿ!"

ಯಾರೂ ಮುಂದೆ ಬರಲಿಲ್ಲ. "ಹೆಂಗ ಒಯ್ಯೂದ್ರಿ?" ಎಂದ ಜಾಕೀರ ಮೆತ್ತಗೆ. "ಮುಂದಿನ ವರ್ಷ ನೋಡಾಕ ಬರ್ತಾರಂತ. ನಮ್ಮನ್ಯಾಗ ಸಿಕ್ಕರ ಕಾರ್ಡೂ ಹೋತು, ಕಳವಿನ ಕೇಸೂ ಬಿತ್ತು."

"ಯಾವ ಕಾರ್ಡೋ?"

ಆಗ ಮಕಬೂಲಸಾಬ ಕಾರ್ಡಿನ ಕಥೆಯನ್ನು ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಮಹಾದೇವಪ್ಪ ಹುಲಗೇಶನ ಫ್ರಿಜ್ಜಿಗೆ ಒರಗಿದ. "ಅಯ್ಯೋ ಹುಚ್ಚಗೋಳ್ರ್ಯಾ! ನಾ ಸರಕಾರದಾವಲ್ಲ! ಆಕಿ ಕಾಲೇಜು ಕಲಸೋ ಬಾಯಿ! ನಾ ವಿದ್ಯಾರ್ಥಿ!"

ಮಕಬೂಲಸಾಬ ಅವನ ನರೆತ ಮೀಸೆಯನ್ನೂ ಲಗ್ನದ ಕೋಟನ್ನೂ ನೋಡಿ, ಹೆಗಲ ಮೇಲೆ ಕೈ ಇಟ್ಟ. "ವಿದ್ಯಾರ್ಥಿ! ಇರ್ಲಿ ಬಿಡ್ರಿ ಸಾಹೇಬ್ರ. ಗುಟ್ಟಿನ ಕೆಲಸ ಅಂದ್ರ ಹಂಗ ಹೇಳಬೇಕಾಗತೈತಿ. ನಾವು ಯಾರ ಮುಂದೂ ಬಾಯಿ ಬಿಡೂದಿಲ್ಲ." ಇಂಜೆಕ್ಷನ್ನು ತೆಗೆದುಕೊಂಡು, ಫ್ರಿಜ್ಜಿನ ಬಾಗಿಲು ಮೆಲ್ಲಗೆ ಮುಚ್ಚಿ ಹೋದ. ಉಳಿದವರೂ ತಮ್ಮ ತಮ್ಮ ಹಾಲು, ಹಿಟ್ಟು, ಕೊತ್ತಂಬರಿ ತೆಗೆದುಕೊಂಡು ಹೋದರು.

ಮನೆಯಲ್ಲಿ ಇಬ್ಬರೇ ಉಳಿದರು. ಮಹಾದೇವಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಡೆಗೆ, "ಪ್ರಭಾ, ನಾ ಎಂ.ಎ. ಆದ್ನಿ," ಎಂದ.

ಪ್ರಭಾವತಿ ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡಳು. ತನ್ನ ಕೆಂಪು ಫ್ರಿಜ್ಜಿನ ಮೇಲಿನ ಹಳೆಯ ಕುಂಕುಮವನ್ನು ಒಂದು ಸಲ ನೋಡಿದಳು.

"ಐದೂ ನನ್ನವು ಅಂದ್ರಿ."

"ಅನ್ನದ ಏನು ಮಾಡ್ಲಿ? ಒಂದು ಮಾತಿಗೆ..."

"ನಾಲ್ಕು ಮಂದೀವು. ಐದನೇದು ನಂದಿತ್ತು."

ಅವಳು ಚೀರಲಿಲ್ಲ. ಚೀರಿದ್ದರೆ ಮಹಾದೇವಪ್ಪನಿಗೆ ಉತ್ತರ ಗೊತ್ತಿತ್ತು. ಬಚ್ಚಲಿನಿಂದ ಹೊಲಿಗೆ ಮಷೀನನ್ನು ಎಳೆದು ಬಾಗಿಲಿಗೆ ತಂದಳು. ಎದುರುಮನೆಯಿಂದ ಖಾತುನಬಿ ಓಡಿ ಬಂದು ಇನ್ನೊಂದು ಬದಿ ಹಿಡಿದಳು. ಖಾತುನಬಿಯ ಮನೆಯಲ್ಲಿ ಫ್ರಿಜ್ಜು ಇದ್ದ ಮೂಲೆ ಖಾಲಿ ಬಿದ್ದಿತ್ತಲ್ಲ. ಮಷೀನು ಅಲ್ಲಿ ಅಳತೆ ಮಾಡಿಸಿದ ಹಾಗೆ ಕೂತಿತು. ಇಬ್ಬರೂ ಹೆಂಗಸರು ಬಾಗಿಲು ಮುಂದೆ ಮಾಡಿಕೊಂಡರು. ತುಸು ಹೊತ್ತಿನಲ್ಲಿ ಮಷೀನಿನ ಸಪ್ಪಳ ಕೇಳಿಸಿತು.

ಚಹಾದ ಹೊತ್ತಿಗೆ ಬಂದಾಳು ಎಂದು ಮಹಾದೇವಪ್ಪ ಕಾದ. ಚಹಾದ ಹೊತ್ತು ಹೋಯಿತು. ರೊಟ್ಟಿಯ ಹೊತ್ತಿಗೆ ಬಂದಾಳು ಎಂದು ಕಾದ. ಬಾಗಿಲಿನಲ್ಲಿ ಬಳೆಯ ಸಪ್ಪಳವಾಯಿತು. ಜಿಗಿದೆದ್ದ.

ಖಾತುನಬಿ ಬಟ್ಟಲು ಹಿಡಿದು ನಿಂತಿದ್ದಳು. "ಪ್ರಭಾವತಿಬಾಯಿ ಮೊಸರು ತಾ ಅಂದಾರ್ರಿ."

"ತಗೊಳ್ರಿ, ತಗೊಳ್ರಿ," ಎಂದ ಮಹಾದೇವಪ್ಪ ಗಡಬಡಿಸಿ. ಐದೂ ಫ್ರಿಜ್ಜುಗಳನ್ನು ನೋಡಿದ. "ಯಾರ ಫ್ರಿಜ್ಜಿನ್ಯಾಗಿನದು ಅಂದಾಳ?"

ಖಾತುನಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ನಿಮ್ಮ ಫ್ರಿಜ್ಜಿನ್ಯಾಗಿನದು ಅಂದಾರ್ರಿ."